ಹೆಳವರ ಹೊತ್ತಿಗೆಯಲ್ಲಿ ಇಲ್ಲದ ಅಜ್ಜಿ

ನಮ್ಮ ಮನೆಯ ಹಿರಿಯರ ಆಧಾರ್ ಕಾರ್ಡುಗಳನ್ನು ಸಾಲಾಗಿ ಇಟ್ಟು ನೋಡಿದರೆ ನಗು ಬರುತ್ತದೆ. ಅಪ್ಪ, ಇಬ್ಬರು ದೊಡ್ಡಪ್ಪಂದಿರು, ಸೋದರತ್ತೆ ನಾಲ್ವರೂ ಹುಟ್ಟಿದ್ದು ಜೂನ್ 1ಕ್ಕೆ. ವರ್ಷ ಮಾತ್ರ ಬೇರೆ. ಶಾಲೆಗೆ ಹೆಸರು ಹಚ್ಚುವ ದಿನ ಮೇಷ್ಟ್ರು ಹುಡುಗರ ಬಲಗೈಯನ್ನು ನೆತ್ತಿಯ ಮೇಲಿಂದ ಎಡಗಿವಿಗೆ ಮುಟ್ಟಿಸಿ, ಮುಟ್ಟಿದರೆ ವಯಸ್ಸಾಯಿತು ಎಂದು ಬರೆದುಕೊಂಡ ತಾರೀಖು ಅದು. ಅಜ್ಜಿ ಶಾಲೆಯ ಕಟ್ಟೆ ಹತ್ತಿದವಳಲ್ಲ. ಆಕೆಗೆ ಹುಟ್ಟಿದ ದಿನವನ್ನು ದಯಪಾಲಿಸಿದವನು ಆಧಾರ್ ಮಾಡಿಕೊಡಲು ಬಂದ ಹುಡುಗ: ಜನವರಿ 1.

"ಖರೇವಂದ್ರ ಯಾವಾಗ ಹುಟ್ಟಿದ್ದಿ ಅಜ್ಜಿ?" ಎಂದರೆ ಆಕೆ ತಡವರಿಸುತ್ತಿರಲಿಲ್ಲ. "ಧಾತು ಸಂವತ್ಸರ. ಹಗೇವು ತೆಗಿಯೋ ಹೊತ್ತಿಗೆ." ಸಂವತ್ಸರಗಳು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಧಾತು 1876ರಲ್ಲಿ ಬಂದಿತ್ತು, 1936ರಲ್ಲಿ ಬಂತು, 1996ರಲ್ಲಿ ಮತ್ತೆ ಬಂತು. ಅಜ್ಜಿ ನಡುವಿನ ಧಾತುವಿನವಳು. ಆದರೆ ಆ ಹೆಸರು ಹೇಳುವಾಗ ಆಕೆಯ ದನಿ ಇಳಿಯುತ್ತಿತ್ತು. ತಾನು ಹುಟ್ಟಿದ ವರ್ಷ ನೆನೆದು ಯಾರೂ ಹಾಗೆ ದನಿ ಇಳಿಸುವುದಿಲ್ಲ. ಆಕೆಯ ಮನಸ್ಸಿನಲ್ಲಿ ಇದ್ದುದು ಅದಕ್ಕೂ ಹಿಂದಿನ ಧಾತು.

ಕುರುಗೋಡಿನ ನಮ್ಮ ಹಳೆ ಮನೆ ಮಣ್ಣಿನ ಮಾಳಿಗೆಯದು. ಬಳ್ಳಾರಿ ಸೀಮೆಯ ಬಿಸಿಲು ಗೊತ್ತಿದ್ದವರಿಗೆ ಏಪ್ರಿಲ್, ಮೇ ತಿಂಗಳ ರಾತ್ರಿ ಒಳಗೆ ಮಲಗುವ ಮಾತೇ ಇಲ್ಲ ಎಂಬುದೂ ಗೊತ್ತು. ಸಂಜೆಗೆ ಮಾಳಿಗೆಗೆ ನೀರು ಚಿಮುಕಿಸಿ, ಹೊತ್ತು ಮುಳುಗಿದ ಮೇಲೆ ಚಾಪೆ, ಕೌದಿ ಹೊತ್ತು ಮೇಲೇರಿದರೆ ಮುಂದಿನದು ಅಜ್ಜಿಯ ರಾಜ್ಯ. ರಾಜನ ಕಥೆ, ರಾಕ್ಷಸನ ಕಥೆ ಬೇಗ ಮುಗಿಯುತ್ತಿದ್ದವು. ಆಮೇಲೆ ಬರುತ್ತಿದ್ದುದು ಮಂದಿಯ ಕಥೆ: ನಮ್ಮವರು ಎಲ್ಲಿಂದ ಬಂದರು, ಯಾರು ಯಾರ ಹೊಲ ನುಂಗಿದರು, ಯಾರು ಹೊಳೆ ದಾಟಿದರು, ಯಾರು ದಾಟಲಿಲ್ಲ. ಕನ್ನಡದಲ್ಲೇ ಹೇಳುವಳು, ಲೆಕ್ಕ ಬಂದರೆ ತೆಲುಗಿಗೆ ಹೊರಳುವಳು, ಬೈಗುಳ ಬೇಕಾದಾಗ ಉರ್ದು. ಬಳ್ಳಾರಿಯ ಯಾವ ಮನೆಯ ಕಥೆಯೂ ಒಂದೇ ಭಾಷೆಯಲ್ಲಿ ಪೂರ್ತಿ ಆಗುವುದಿಲ್ಲವೇನೋ.

ಧಾತು ಬರದ ಕಥೆಯನ್ನು ಅಜ್ಜಿಗೆ ಹೇಳಿದ್ದು ಆಕೆಯ ಅಜ್ಜಿ. ಆ ಮುದುಕಿ ಬರದ ಕಾಲಕ್ಕೆ ಏಳೆಂಟು ವರ್ಷದ ಹುಡುಗಿ. ಲೆಕ್ಕ ಹಾಕಿ ನೋಡಿ: ಮಾಳಿಗೆಯ ಮೇಲೆ ಮಲಗಿದ್ದ ನನಗೂ 1876ಕ್ಕೂ ನಡುವೆ ಇದ್ದುದು ಎರಡೇ ಬಾಯಿ. ಗ್ರಂಥಾಲಯದಲ್ಲಿ ಧೂಳು ಕುಡಿಯುವ ದಪ್ಪ ಪುಸ್ತಕಗಳ ಕಾಲ ನನ್ನ ಕೌದಿಯ ಅಂಚಿನವರೆಗೆ ಬಂದು ಕೂತಿತ್ತು.

ಆ ಪುಸ್ತಕಗಳನ್ನೂ ಆಮೇಲೆ ಓದಿದೆ. 1876ರಿಂದ 78ರವರೆಗಿನ ಆ ಬರ ಮದ್ರಾಸ್ ಪ್ರಾಂತ್ಯದಲ್ಲಿ ಹಿಂಡಿದ ಜಿಲ್ಲೆಗಳಲ್ಲಿ ಬಳ್ಳಾರಿ ಮುಂಚೂಣಿಯದು. 1877ರ ಜನವರಿಯಲ್ಲಿ ಬಂದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯ ಕೂಲಿಯನ್ನು ಕಡಿತಗೊಳಿಸಿದ; ದಿನವಿಡೀ ಕಲ್ಲು ಒಡೆದ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಮೇಲೆ ಚಿಲ್ಲರೆ ಕಾಸು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಇಷ್ಟರಲ್ಲಿ ದುಡಿಯುವ ದೇಹ ಉಳಿಯದು ಎಂದು ಮದ್ರಾಸಿನ ಆರೋಗ್ಯ ಆಯುಕ್ತ ಕಾರ್ನಿಷ್ ಜಗಳಕ್ಕೇ ಬಿದ್ದ. ಮದ್ರಾಸಿನ ಪತ್ರಕರ್ತ ವಿಲಿಯಂ ಡಿಗ್ಬಿ 1878ರಲ್ಲೇ ಎರಡು ಸಂಪುಟದಲ್ಲಿ ಇದನ್ನೆಲ್ಲ ಬರೆದಿಟ್ಟ. ಹೂಪರ್ ಎಂಬ ಸೈನ್ಯದ ಅಧಿಕಾರಿ ತೆಗೆದ ಫೋಟೋಗಳಲ್ಲಿ ಎಲುಬಿನ ಹಂದರಗಳು ಸಾಲಾಗಿ ಕೂತು ನಮ್ಮನ್ನು ನೋಡುತ್ತವೆ. ಆ ಮುಖಗಳ ಕೆಳಗೆ ಒಂದೂ ಹೆಸರಿಲ್ಲ.

ಅಜ್ಜಿಯ ಕಥೆಯಲ್ಲಿ ಟೆಂಪಲ್ ಇಲ್ಲ, ವೈಸರಾಯ್ ಇಲ್ಲ. ಒಂದು ತಕ್ಕಡಿ ಇದೆ, ಒಂದು ಹಿತ್ತಾಳೆ ಚಂಬು ಇದೆ, ಪಾಪಾಸುಕಳ್ಳಿಯ ಹಣ್ಣು ತಿಂದು ಕೆಂಪಾದ ನಾಲಿಗೆ ಇದೆ. ಹುಡುಗಿ ಅವ್ವನ ಸೆರಗು ಹಿಡಿದು ಕಾಮಗಾರಿ ನಡೆಯುವ ಕಡೆಗೆ ನಡೆದದ್ದಿದೆ. ಹೊರಟಾಗ ಜೊತೆಗೆ ಒಬ್ಬ ತಮ್ಮನಿದ್ದ. ಮುಟ್ಟಿದಾಗಿನ ಮಾತಿನಲ್ಲಿ ಅವನಿಲ್ಲ.

"ತಮ್ಮ ಏನಾದ?" ಎಂದು ನಾನು ಒಮ್ಮೆ ಕೇಳಿದೆ.

"ದಾರ್ಯಾಗ ಉಳಕಂಡ."

ಅಜ್ಜಿಯ ಅಜ್ಜಿ ಹಾಗೇ ಹೇಳಿದ್ದಳಂತೆ, ಇವಳೂ ಹಾಗೇ ಹೇಳಿದಳು. ಸತ್ತನೋ, ಯಾರಿಗಾದರೂ ಕೊಟ್ಟರೋ, ನಡೆಯಲಾರದವನನ್ನು ಮರದ ಕೆಳಗೆ ಬಿಟ್ಟರೋ ಎಂದು ಮೂರು ತಲೆಮಾರಿನಲ್ಲಿ ಒಬ್ಬರೂ ಬಿಡಿಸಿ ಕೇಳಲಿಲ್ಲ. ಕೇಳದೇ ಇದ್ದುದನ್ನೂ ನಾವು ಜೋಪಾನವಾಗಿ ಒಬ್ಬರಿಂದ ಒಬ್ಬರಿಗೆ ದಾಟಿಸಿದ್ದೇವೆ.

ಇನ್ನು ಹೆಳವರ ವಿಷಯ. ಬಯಲುಸೀಮೆಯ ರೈತರ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಪೇಟೆಯಲ್ಲೇ ಹುಟ್ಟಿದವರಿಗಾಗಿ ಎರಡು ಮಾತು. ಹೆಳವರೆಂದರೆ ವಂಶಾವಳಿ ಹೇಳುವವರು. ಒಂದೊಂದು ಹೆಳವ ಕುಟುಂಬಕ್ಕೆ ಇಂತಿಂಥ ಊರು, ಇಂತಿಂಥ ಮನೆತನ ಎಂದು ಹಕ್ಕು ಇರುತ್ತದೆ. ಸುಗ್ಗಿ ಮುಗಿದ ಮೇಲೆ, ಕೆಲವು ವರ್ಷಕ್ಕೊಮ್ಮೆ, ಬಂದು ಮನೆಯ ಮುಂದೆ ನಿಂತು ಆ ಮನೆಯ ಮೂಲಪುರುಷನಿಂದ ತೊಟ್ಟಿಲ ಕೂಸಿನವರೆಗೆ ಹೆಸರು ಹೇಳುತ್ತಾರೆ. ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಳ್ಳುತ್ತಾರೆ. ಕಾಳು, ಬಟ್ಟೆ, ದುಡ್ಡು ಪಡೆದು ಹರಸಿ ಹೋಗುತ್ತಾರೆ. ಹೆಳವ ಎಂದರೆ ಹಳಗನ್ನಡದಲ್ಲಿ ಕುಂಟ. ನಡೆಯಲಾಗದ ಮೂಲಪುರುಷನಿಗೆ ಎತ್ತು ಕೊಟ್ಟು ಈ ಕಾಯಕ ಹಚ್ಚಿದವನು ಬಸವಣ್ಣ ಎಂಬುದು ಅವರಲ್ಲಿ ಬಂದ ಕಥೆ. ಹಿಂದೆ ಎತ್ತಿನ ಮೇಲೆ, ಗಂಟೆಯ ಸದ್ದಿನೊಂದಿಗೆ ಬರುತ್ತಿದ್ದರು. ನಮ್ಮ ಮನೆಗೆ ಕಳೆದ ಸಲ ಬಂದವರು ಮೋಟರ್ ಸೈಕಲ್ ಮೇಲೆ ಬಂದರು. ಹೊತ್ತಿಗೆ ಮಾತ್ರ ಹಳೆಯದೇ, ಬಟ್ಟೆಯಲ್ಲಿ ಸುತ್ತಿದ್ದು.

ಅಮೆರಿಕದ ಅಲೆಕ್ಸ್ ಹೇಲಿ ತನ್ನ ಗುಲಾಮ ಪೂರ್ವಜನನ್ನು ಹುಡುಕುತ್ತ ಗ್ಯಾಂಬಿಯಾದ ಜುಫೂರೆ ಎಂಬ ಹಳ್ಳಿಗೆ ಹೋಗಿ, ಅಲ್ಲಿನ ಗ್ರಿಯೋ ಎಂಬ ವಂಶಗಾಯಕನ ಬಾಯಲ್ಲಿ ತನ್ನ ಕುಲದ ಹೆಸರು ಕೇಳಿ ಅತ್ತನೆಂದು 1976ರ 'ರೂಟ್ಸ್' ಪುಸ್ತಕ ಜಗತ್ತಿಗೇ ಸಾರಿತು. ಅದರ ಎಷ್ಟೋ ಭಾಗವನ್ನು ಇತಿಹಾಸಕಾರರು ಆಮೇಲೆ ಅನುಮಾನಿಸಿದರು, ಅದು ಬೇರೆ ಮಾತು. ಆ ಪುಸ್ತಕದ ಅನುವಾದ ಓದಿ ಕಣ್ಣೀರಿಟ್ಟ ನಮ್ಮವರೇ ಬಾಗಿಲಿಗೆ ಬಂದ ಹೆಳವನಿಗೆ "ಮುಂದಕ್ಕೆ ಹೋಗಪ್ಪಾ" ಅನ್ನುವುದನ್ನು ನೋಡಿದ್ದೇನೆ.

ಕುರುಗೋಡಿನಲ್ಲಿ ಕೂತು ವಂಶಾವಳಿ ಕೇಳುವುದರಲ್ಲಿ ಒಂದು ತಮಾಷೆ ಇದೆ. ಈ ಊರು 12ನೇ ಶತಮಾನದಲ್ಲಿ ಸಿಂದರ ರಾಜಧಾನಿ. ಅವರ ಶಾಸನಗಳಲ್ಲಿ ಇಂಥವನ ಮಗ ಇಂಥವನು, ಅವನ ಮಗ ರಾಚಮಲ್ಲ ಎಂದು ರಾಜರ ವಂಶಾವಳಿಯನ್ನು ಕಲ್ಲಿಗೆ ಕಟೆಸಿದ್ದಾರೆ. ಗುಡ್ಡದ ಬುಡದಲ್ಲಿ ಹರಡಿದ ಗುಡಿಗಳನ್ನು ನೋಡುತ್ತ ದೊಡ್ಡಬಸವಣ್ಣನ ಗುಡಿಗೆ ಬಂದು, ಆಳೆತ್ತರ ಮೀರಿದ ಆ ನಂದಿಯ ಮುಂದೆ ನಿಂತರೆ ನಮ್ಮಂಥವರ ಹೆಸರನ್ನು ಯಾವ ಕಲ್ಲೂ ಹೊತ್ತಿಲ್ಲ ಎಂಬುದು ಸಹಜವಾಗಿಯೇ ನೆನಪಾಗುತ್ತದೆ. ಜಾತ್ರೆಗೆ ಸೇರುವ ಅಷ್ಟೂ ಮಂದಿಯ ಪೂರ್ವಿಕರು ಇರುವುದು ಹೆಳವರ ಬಗಲ ಚೀಲದಲ್ಲಿ.

ನಮ್ಮ ಹೆಳವ ಹೊತ್ತಿಗೆ ಬಿಚ್ಚಿ ಓದುತ್ತ ಹೋದ. ಮೂಲಪುರುಷ, ಅವನ ಮೂವರು ಮಕ್ಕಳು, ನಡುವಿನವನ ಸಂತಾನ, ಯಾವ ಊರಿಂದ ಯಾವ ಊರಿಗೆ ಬಂದದ್ದು. ದೊಡ್ಡಪ್ಪ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಅಜ್ಜನ ಹೆಸರು ಬಂತು, ಅಪ್ಪನ ಹೆಸರು ಬಂತು, ತಮ್ಮನ ಹೆಸರು, ಅವನ ಮಗನ ಹೆಸರು. ಓದು ನಿಂತಿತು. ಹೊಸಿಲ ಒಳಗೆ ಕಂಬಕ್ಕೆ ಒರಗಿ ಅಜ್ಜಿ ಕೂತಿದ್ದಳು. ಆಕೆಯ ಹೆಸರು ಬರಲಿಲ್ಲ. ಅವ್ವನದು ಬರಲಿಲ್ಲ, ನನ್ನದೂ ಇಲ್ಲ. "ನಮ್ಮ ಹೆಸರು ಎಲ್ಲಿ ಯಜಮಾನ್ರೇ?" ಎಂದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ನೀವು ಕೊಟ್ಟ ಮನೀದು ಹೇಳ್ತೀವಿ ತಾಯಿ, ತಂದ ಮನೀದು ಹೇಳ್ತೀವಿ" ಎಂದ. ಯಾವ ಊರಿನ ಹೆಣ್ಣು ತಂದರು ಎಂಬುದು ಹೊತ್ತಿಗೆಯಲ್ಲಿ ಅಲ್ಲಲ್ಲಿ ಇತ್ತು. ಅಜ್ಜಿಯ ಮುಂದೆ ಇದ್ದುದು ಇಷ್ಟೇ: ಸಿರುಗುಪ್ಪ.

ಆ ಒಂದು ಪದದ ಒಳಗೆ ಏನೇನಿತ್ತು ಎಂಬುದು ಮಾಳಿಗೆಯ ಮೇಲೆ ಮಲಗಿದ ನಮಗಷ್ಟೇ ಗೊತ್ತು.

ಸಿರುಗುಪ್ಪದ ಹೊಳೆ ಎಂದರೆ ತುಂಗಭದ್ರೆ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ, ದತ್ತಮಂಡಲ ಎಂದು ಹೆಸರಾದ ಈ ಭಾಗಕ್ಕೆ ಆ ಹೊಳೆಯೇ ಗಡಿ. ಈಚೆ ದಂಡೆ ಬ್ರಿಟಿಷರದು, ಆಚೆ ದಂಡೆ ನಿಜಾಮನದು. ಅಧಿಕಾರ ಎರಡಾದರೂ ಬೀಗತನ ಒಂದೇ. ಮದುವೆಯ ದಿಬ್ಬಣ, ಎತ್ತಿನ ವ್ಯಾಪಾರ, ಬಾಣಂತಿಯ ತೊಟ್ಟಿಲು ಎಲ್ಲವೂ ಹರಿಗೋಲಿನಲ್ಲಿ ದಾಟುತ್ತಿದ್ದವು. ಅಜ್ಜಿಗೆ ಹನ್ನೊಂದು ಹನ್ನೆರಡು ವರ್ಷವಾಗಿದ್ದಾಗ ಆ ಹರಿಗೋಲುಗಳಲ್ಲಿ ಬೇರೆ ಥರದ ಮಂದಿ ಬರತೊಡಗಿದರು. ಸ್ವಾತಂತ್ರ್ಯ ಬಂದಿದ್ದು ಈಚೆ ದಂಡೆಗೆ ಮಾತ್ರ. ಆಚೆ ಕಡೆ ರಜಾಕಾರರ ಹಾವಳಿ. ರಾತ್ರೋರಾತ್ರಿ ಗಂಟು, ಮಕ್ಕಳು, ಮುದುಕರನ್ನು ಹೊತ್ತು ಜನ ಈಚೆಗೆ ಬಂದರು. ಅಜ್ಜಿಯ ತವರಿನ ಪಡಸಾಲೆಯಲ್ಲಿ ಆಚೆ ದಂಡೆಯ ಸೋದರತ್ತೆಯ ಮನೆಯವರು ಅಷ್ಟೂ ಜನ ತಿಂಗಳುಗಟ್ಟಲೆ ಇದ್ದರು. "ಹಗೇವು ಬರಿದಾತು, ಬಾಯಿ ತುಂಬಲಿಲ್ಲ" ಎಂಬುದು ಆಕೆಯ ಮಾತು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯಿಂದ ನಿಜಾಮನ ಆಳ್ವಿಕೆ ಮುಗಿಯಿತು. ಬಂದವರು ತಿರುಗಿ ಹೋದರು.

ಇಲ್ಲೂ ಒಂದು ಬಿಟ್ಟ ಜಾಗ ಇದೆ. ಬಂದವರಲ್ಲಿ ಅಜ್ಜಿಗಿಂತ ನಾಲ್ಕು ವರ್ಷ ದೊಡ್ಡವಳೊಬ್ಬಳು ಇದ್ದಳಂತೆ, ಚೌಕಾಬಾರದಲ್ಲಿ ಅವಳನ್ನು ಸೋಲಿಸುವವರೇ ಇರಲಿಲ್ಲವಂತೆ. ಅವಳು ಹೊಳೆ ದಾಟಿ ಬಂದ ಮೇಲೆ ಮೂರು ತಿಂಗಳು ಮಾತಾಡಲಿಲ್ಲ. ಯಾಕೆ ಎಂದು ಕೇಳಿದಾಗ ಅಜ್ಜಿ "ನಿದ್ದಿ ಮಾಡು" ಎಂದು ಕೌದಿ ಎಳೆದಳು. ಊರ್ವಶಿ ಬುಟಾಲಿಯಾ ದೇಶ ವಿಭಜನೆಯ ಕಾಲದ ಹೆಂಗಸರ ಮಾತು ಸಂಗ್ರಹಿಸಿ 1998ರಲ್ಲಿ ತಂದ ಪುಸ್ತಕದ ಹೆಸರಿನಲ್ಲೇ ಮೌನ ಎಂಬ ಪದವಿದೆ. ಪಂಜಾಬಿನ ಮೌನಕ್ಕೆ ಅಷ್ಟಾದರೂ ಪುಸ್ತಕಗಳು ಬಂದವು. ತುಂಗಭದ್ರೆಯ ದಂಡೆಯ ಮೌನ ಇನ್ನೂ ಮುದುಕಿಯರ ಕೌದಿಯ ಕೆಳಗೇ ಇದೆ, ಮುದುಕಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಅಜ್ಜಿಯ ಒಂದು ತಪ್ಪಿನ ಬಗ್ಗೆ ಹೇಳಲೇಬೇಕು. "ಡ್ಯಾಮಿನ ನೀರು ಬಂತು, ರಜಾಕಾರರು ಓಡಿಹೋದರು" ಎಂದು ಆಕೆ ಯಾವಾಗಲೂ ಹೇಳುತ್ತಿದ್ದಳು. ಕಾಲೇಜು ಓದುತ್ತಿದ್ದ ನಾನು ಪ್ರತಿ ಸಲ ತಿದ್ದುತ್ತಿದ್ದೆ. ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರುವರಿಯಲ್ಲಿ, ಕಾಲುವೆಗೆ ನೀರು ಹರಿದದ್ದು 1953ರಲ್ಲಿ. ರಜಾಕಾರರ ಕಥೆ ಅದಕ್ಕೂ ಐದು ವರ್ಷ ಮೊದಲೇ ಮುಗಿದಿತ್ತು. "ಹಂಗಾ?" ಎಂದು ಕೇಳಿಸಿಕೊಂಡು, ಮುಂದಿನ ಬೇಸಿಗೆಯಲ್ಲಿ ಮತ್ತೆ ತಪ್ಪನ್ನೇ ಹೇಳುತ್ತಿದ್ದಳು.

ಇಟಲಿಯ ಅಲೆಸ್ಸಾಂಡ್ರೊ ಪೋರ್ತೆಲ್ಲಿ ಎಂಬ ವಿದ್ವಾಂಸ ತೆರ್ನಿ ಎಂಬ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಹಿರಿಯ ಕಾರ್ಮಿಕರ ನೆನಪುಗಳನ್ನು ಕೇಳುತ್ತ ಹೋದ. ಲುಯಿಜಿ ತ್ರಸ್ತುಲ್ಲಿ ಎಂಬ ಯುವ ಕಾರ್ಮಿಕ ಅಲ್ಲಿ ಪೊಲೀಸರ ಕೈಯಲ್ಲಿ ಸತ್ತದ್ದು 1949ರಲ್ಲಿ, ನೇಟೊ ವಿರುದ್ಧದ ಪ್ರದರ್ಶನದಲ್ಲಿ. ಆದರೆ ಎಷ್ಟೋ ಮಂದಿ ಅದನ್ನು 1953ರ ಸಾಮೂಹಿಕ ವಜಾದ ಗಲಾಟೆಯಲ್ಲಿ ನಡೆದದ್ದು ಎಂದೇ ಹೇಳಿದರು. ಪೋರ್ತೆಲ್ಲಿ ಅವರನ್ನು ತಿದ್ದಲು ಹೋಗಲಿಲ್ಲ; ಯಾಕೆ ಎಲ್ಲರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ ಎಂದು ಕೇಳಿಕೊಂಡ. ಕೆಲಸ ಕಳೆದುಕೊಂಡದ್ದೇ ಆ ಊರಿನ ದೊಡ್ಡ ಗಾಯ, ಸಾವು ತಾನಾಗಿ ಆ ಗಾಯದ ಕಡೆಗೆ ಸರಿದಿತ್ತು. ಇದನ್ನು ಓದಿದ ದಿನ ಅಜ್ಜಿಯ ತಪ್ಪು ನನಗೆ ಅರ್ಥವಾಯಿತು. ದೆಹಲಿಯ ಮಟ್ಟಿಗೆ ಭಯ 1948ರಲ್ಲಿ ಮುಗಿಯಿತು. ಬರಿದಾದ ಹಗೇವಿನ ಮನೆಯ ಹುಡುಗಿಗೆ ಅದು ಮುಗಿದದ್ದು ಕಾಲುವೆಯಲ್ಲಿ ನೀರು ಕಂಡ ದಿನ. ಆಗ ಆಕೆ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ದೊಡ್ಡ ದೊಡ್ಡಪ್ಪ ತೊಟ್ಟಿಲಲ್ಲಿದ್ದರು. ತಿದ್ದಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ನೀರು ಬಂದ ಕಥೆ ಪೂರ್ತಿ ಸಿಹಿಯೂ ಅಲ್ಲ. ಎರೆ ಹೊಲದಲ್ಲಿ ಜೋಳ, ಹತ್ತಿ ಬೆಳೆದವರಿಗೆ ಭತ್ತದ ಗದ್ದೆಯ ಕೆಲಸ ಗೊತ್ತಿರಲಿಲ್ಲ. ಎರೆಗೆ ನೀರು ನಿಲ್ಲಿಸಿದರೆ ಭೂಮಿ ಸವುಳಾಗುತ್ತದೆ ಎಂಬ ಹೆದರಿಕೆ. ಗದ್ದೆ ಮಟ್ಟ ಮಾಡಲು ದುಡ್ಡಿಲ್ಲ. ಆ ಹೊತ್ತಿಗೆ ಗುಂಟೂರು, ಕೃಷ್ಣಾ, ಗೋದಾವರಿ ಕಡೆಯಿಂದ ಭತ್ತದ ಕಸುಬು ಬಲ್ಲ ರೈತರು ಬಂದರು, ಹೊಲ ಕೊಂಡರು, ಹೊಲದ ಪಕ್ಕದಲ್ಲೇ ಗುಡಿಸಲು ಹಾಕಿದರು. ಅವೇ ಇಂದಿನ ಕ್ಯಾಂಪುಗಳು. ಅಜ್ಜಿಯ ಅಣ್ಣ ಹೊಳೆಯ ಕಡೆಯ ಹೊಲವನ್ನು ಅವರಿಗೇ ಮಾರಿದ. ಮಾರಿದ ದುಡ್ಡಿನಲ್ಲಿ ಒಂದು ಮದುವೆ ಆಯಿತು, ಒಂದು ಜೊತೆ ಎತ್ತು ಬಂತು. ಈಗ ಸಿರುಗುಪ್ಪಕ್ಕೆ ಹೋದರೆ ಅಕ್ಕಿ ಗಿರಣಿಗಳ ನಡುವೆ ಆ ಹೊಲ ಎಲ್ಲಿತ್ತು ಎಂದು ತೋರಿಸುವವರೂ ಇಲ್ಲ. ಅಜ್ಜಿ ಅಣ್ಣನನ್ನು ಬೈದದ್ದು ನಾನು ಕೇಳಿಲ್ಲ. ಕ್ಯಾಂಪಿನವರನ್ನೂ ಬೈಯಲಿಲ್ಲ. "ಅವರೂ ಊರು ಬಿಟ್ಟು ಬಂದೋರೇ" ಎನ್ನುತ್ತಿದ್ದಳು. ಕ್ಯಾಂಪಿನ ಮನೆಗಳ ಅಜ್ಜಿಯರ ಬಳಿ ಇದೇ ಕಥೆಯ ಆಚೆ ದಂಡೆ ಇದ್ದೀತು, ತೆಲುಗಿನಲ್ಲಿ.

ಗಂಡಸರ ಕಥೆಗಳ ಧಾಟಿಯೇ ಬೇರೆ. ಅಜ್ಜ ಹೇಳುತ್ತಿದ್ದುದು ಬಳ್ಳಾರಿ ಪೇಟೆಯ ಕಥೆ. ಅವು ಬ್ರೂಸ್‌ಪೇಟೆಯ ಅಂಗಡಿ ಕಟ್ಟೆಯಲ್ಲಿ, ಒಗ್ಗರಣಿ ಮಿರ್ಚಿಯ ಮುಂದೆ, ದೊಡ್ಡ ದನಿಯಲ್ಲಿ ಹೇಳುವಂಥವು; ತಾರೀಖು ಸಮೇತ. ಹೈದರಾಲಿ ಬಳ್ಳಾರಿ ಕೋಟೆ ಕಟ್ಟಿಸಿ, ಎದುರಿನ ಕುಂಬಾರಗುಡ್ಡ ಅದಕ್ಕಿಂತ ಎತ್ತರವಿದೆ ಎಂದು ಗೊತ್ತಾದಾಗ ಫ್ರೆಂಚ್ ಎಂಜಿನಿಯರನನ್ನು ನೇಣಿಗೇರಿಸಿದ ಎಂಬ ಕಥೆಯನ್ನು ತಾನೇ ಕಣ್ಣಾರೆ ಕಂಡವನಂತೆ ಹೇಳುತ್ತಿದ್ದ. ಆದರೆ 1953 ಬಂದರೆ ಅಜ್ಜನ ಮಾತು ಕಥೆಯಾಗಿರುತ್ತಿರಲಿಲ್ಲ. ಆಂಧ್ರ ರಾಜ್ಯ ಹುಟ್ಟುವ ಹೊತ್ತು; ಬಳ್ಳಾರಿ ಯಾರ ಪಾಲು? ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕಿನ ವಿಚಾರಣೆಗೆ ನ್ಯಾಯಮೂರ್ತಿ ಮಿಶ್ರಾ ಬಂದರು. ಕೊನೆಗೆ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಏಕೀಕರಣಕ್ಕೆ ಜೀವ ತೆತ್ತ ಪೈಲ್ವಾನ್ ರಂಜಾನ್ ಸಾಬ್ ಹೆಸರು ಬಂದಾಗ ಅಜ್ಜ ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗೆ ಇಡುತ್ತಿದ್ದ.

ಅದೇ ವರ್ಷ ಅಜ್ಜಿಯ ಲೆಕ್ಕದಲ್ಲಿ ವಿಜಯ ಸಂವತ್ಸರ. ಆಕೆಗೆ ನೆನಪಿದ್ದುದು ಒಂದೇ: ಆದೋನಿಗೆ ಕೊಟ್ಟ ತಂಗಿ ಒಂದೇ ಜಿಲ್ಲೆಯಲ್ಲಿದ್ದವಳು ಬೇರೆ ರಾಜ್ಯದವಳಾದಳು. ಅವಳ ಮಕ್ಕಳು ತೆಲುಗು ಶಾಲೆಗೆ ಹೋದರು. ದೊಡ್ಡಮ್ಮನಿಗೆ ಬರೆದ ಕಾಗದವನ್ನು ಓದಿಸಲು ಅಜ್ಜಿ ತೆಲುಗು ಬಲ್ಲವರನ್ನು ಹುಡುಕಿಕೊಂಡು ಹೋಗಬೇಕಾಯಿತು.

ಬರೆದಿಟ್ಟದ್ದು ಉಳಿಯುತ್ತದೆ, ಬಾಯಿಮಾತು ಹೋಗುತ್ತದೆ ಎಂಬ ನಂಬಿಕೆ ನನಗೂ ಇತ್ತು. 2009ರ ಅಕ್ಟೋಬರ್ ಮೊದಲ ವಾರ ತುಂಗಭದ್ರೆ ಉಕ್ಕಿ ಸಿರುಗುಪ್ಪ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿದಾಗ ಅಜ್ಜಿಯ ತವರಿನ ಟ್ರಂಕಿನಲ್ಲಿದ್ದ ಕಾಗದ, ಪಹಣಿ, ಒಂದೆರಡು ಫೋಟೋ ಎಲ್ಲ ಮುದ್ದೆಯಾದವು. ಉಳಿದದ್ದು ಮುದುಕಿಯರ ತಲೆಯಲ್ಲಿ ಇದ್ದದ್ದೇ. ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದಾಗ ನಮ್ಮ ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ದೊಡ್ಡಪ್ಪ ಒಂದು ಧ್ವನಿ ಸಂದೇಶ ಹಾಕಿದರು: ಕಾಲುವೆಗೆ ಮೊದಲ ನೀರು ಬಂದ ದಿನ ತಮ್ಮನ್ನು ತೊಟ್ಟಿಲಿಂದ ಎತ್ತಿಕೊಂಡು ಹೋಗಿ ಆ ನೀರಿನಲ್ಲಿ ಕಾಲು ತೊಳೆಸಿದ ಕಥೆ. ತಮಗೇ ನೆನಪಿರುವಂತೆ ಹೇಳಿದರು. ಆರು ತಿಂಗಳ ಕೂಸಿಗೆ ಏನು ನೆನಪಿದ್ದೀತು! ಅದು ಅಜ್ಜಿಯ ನೆನಪು, ಅಜ್ಜಿ ಹೋಗಿ ಆಗಲೇ ನಾಲ್ಕು ವರ್ಷ ಕಳೆದಿತ್ತು.

ಹೆಳವನೊಂದಿಗೆ ಒಂದು ಒಪ್ಪಂದ ಆಗಿದೆ. ಹೆಂಗಸರ ಹೆಸರನ್ನೂ ಬರೆದುಕೊಳ್ಳಲು ಅವನ ತಕರಾರೇನೂ ಇಲ್ಲ. "ಆದ್ರ ಈ ಹೊತ್ತಿಗ್ಯಾಗ ಜಾಗ ಇಲ್ಲ ತಾಯಿ, ಹೊಸದು ಹೊಲಿಸಬೇಕು" ಎಂದ. ಹೊಲಿಸುವ ಖರ್ಚು ನನ್ನದು. ಅಜ್ಜಿಯ ಹೆಸರು ಹೇಳಿದೆ, ಆಕೆಯ ಅವ್ವನ ಹೆಸರು ಹೇಳಿದೆ. ಬರದಲ್ಲಿ ನಡೆದು ಬಂದ ಆ ಹುಡುಗಿಯ ಹೆಸರು ಕೇಳಿದಾಗ ನನ್ನ ಬಾಯಿ ಕಟ್ಟಿತು. ಅಷ್ಟು ವರ್ಷ ಆಕೆಯ ಕಥೆ ಕೇಳಿದ್ದೇವೆ, "ನಮ್ಮಜ್ಜಿ" ಎಂದೇ ಕೇಳಿದ್ದೇವೆ. ಅಪ್ಪನಿಗೆ ಗೊತ್ತಿಲ್ಲ, ದೊಡ್ಡಪ್ಪನಿಗೆ ಗೊತ್ತಿಲ್ಲ. ಆದೋನಿಯ ಸಣ್ಣಜ್ಜಿಗೆ ಗೊತ್ತಿರಬಹುದು. ಆಕೆಗೆ ಕಿವಿ ಮಂದ, ಫೋನಿನಲ್ಲಿ ಆಗುವ ಮಾತಲ್ಲ. ಹೆಳವ ಬರುವುದು ಜೋಳದ ಸುಗ್ಗಿ ಮುಗಿದ ಮೇಲೆ. ಅದಕ್ಕೂ ಮೊದಲು ಒಂದು ಭಾನುವಾರ ಬೆಳಿಗ್ಗೆ ಆದೋನಿಗೆ ಹೋಗಿಬರಬೇಕು.